ಅಜ್ಜನ ಕೋವಿಗೆ ದುರ್ಬೀನು ಕೂರೀತೇ?

ಕೋವಿ ಹಳತು. ಹಿಡಿಯುವವರ ಕಣ್ಣೂ ಹಳತು. ಹೊಸತು ಅಂತ ಇರುವುದು ಒಂದೇ, ಮೊಬೈಲಿನಲ್ಲಿ ಆರ್ಡರ್ ಮಾಡಿ ಕೊರಿಯರಿನಲ್ಲಿ ತರಿಸಿದ ದುರ್ಬೀನು. ಇದನ್ನು ಅದರ ಬೆನ್ನ ಮೇಲೆ ಕೂರಿಸಿಬಿಟ್ಟರೆ ಕೋವಿಯೂ ಸರಿ, ಕಣ್ಣೂ ಸರಿ, ಹಂದಿಯ ಕಾಟವೂ ಸರಿ ಎಂದು ನಂಬಿದವರು ನಮ್ಮ ಕಡೆ ಇದ್ದಾರೆ. ಅಷ್ಟು ಸುಲಭ ಇಲ್ಲ ಮಾರಾಯ್ರೆ. ಯಾಕೆ ಇಲ್ಲ ಎಂಬುದೇ ಇವತ್ತಿನ ಕಥೆ.

ಬನ್ನಂಜೆಗೂ ಕೋವಿಗೂ ಎಂತ ಸಂಬಂಧ ಎಂದು ಕೇಳಬೇಡಿ. ಜಿಲ್ಲಾ ಪೊಲೀಸ್ ವರಿಷ್ಠರ ಕಚೇರಿ ಇರುವುದು ಬನ್ನಂಜೆಯಲ್ಲೇ. ಕೋವಿ ಲೈಸೆನ್ಸಿನ ಕಡೆಯ ಸಹಿ ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿಗಳದ್ದು, ನಿಜ. ಆದರೆ ಅರ್ಜಿ ಹಾಕಿದವ ಎಂಥವ, ಅವನ ಮೇಲೆ ಕೇಸು ಉಂಟೋ ಇಲ್ಲವೋ ಎಂದು ಬರೆಯುವುದು ಪೊಲೀಸರು. ಕಾರ್ಕಳ, ಹೆಬ್ರಿ, ಕಾಪು ಎಲ್ಲಿಯ ಕೃಷಿಕನೇ ಆಗಲಿ, ಕೋವಿ ಎಂದ ಮೇಲೆ ಪೊಲೀಸ್ ವರದಿ, ರಜತಾದ್ರಿಯ ಸಹಿ ಎರಡನ್ನೂ ದಾಟಿಯೇ ಆಗಬೇಕು. ಬಸ್ಸಿನಲ್ಲಿ ಪಕ್ಕದಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕೂತ ಹಿರಿಯರ ಕೈಯಲ್ಲಿ ಇರುವುದು ಆರ್‌ಟಿಸಿಯೋ ಲೈಸೆನ್ಸ್ ಬುಕ್ಕೋ ಹೇಳಲಿಕ್ಕೆ ಬರುವುದಿಲ್ಲ.

ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಇಟ್ಟುಕೊಂಡ ಕೋವಿಗಳಲ್ಲಿ ಹೆಚ್ಚಿನವು ಒಂಟಿ ನಳಿಗೆಯ, ಜೋಡಿ ನಳಿಗೆಯ ತೋಟೆ ಕೋವಿಗಳು. ಕೆಲವರಲ್ಲಿ ಇನ್ನೂ ಬಾಯಿಂದ ಮದ್ದು ಜಡಿಯುವ ಕೇಪಿನ ಕೋವಿ ಉಂಟು. ಇವಕ್ಕೆ ದುರ್ಬೀನು ಹಾಕುವ ಯೋಚನೆ ಯಾರಿಗೂ ಬರುವುದಿಲ್ಲ, ಬರಲೂಬಾರದು. ಚರೆ ಹರಡಿಕೊಂಡು ಹೋಗುವ ಕೋವಿಗೆ ಭೂತಗನ್ನಡಿ ಎಂತಕ್ಕೆ? ಪ್ರಶ್ನೆ ಏಳುವುದು ಒಂದೇ ಗುಂಡು ನೆಟ್ಟಗೆ ಹೋಗುವ ರೈಫಲಿನಲ್ಲಿ. ಅದರಲ್ಲೂ ಬ್ರಿಟಿಷರ ಕಾಲದಲ್ಲಿ ಕಡಲು ದಾಟಿ ಬಂದು, ಅಪ್ಪನಿಂದ ಮಗನಿಗೋ, ಅಳಿಯಕಟ್ಟಿನ ಮನೆಯಾದರೆ ಮಾವನಿಂದ ಅಳಿಯನಿಗೋ ದಾಟಿದ ಲಿವರ್ ರೈಫಲಿನಲ್ಲಿ. ಇಂಥವು ವಿರಳ. ವಿರಳ ಎಂಬ ಕಾರಣಕ್ಕೇ ಅದನ್ನು ಹಾಳು ಮಾಡುವ ಮುಂಚೆ ನಾಲ್ಕು ಮಾತು ಹೇಳಬೇಕು.

ಲಿವರ್ ರೈಫಲ್ ಅಂದರೆ ಯಾವುದೆಂದು ಕೇಳುವವರಿಗೆ ಒಂದೇ ಉತ್ತರ: ಕೌಬಾಯ್ ಸಿನಿಮಾದ ಕೋವಿ. ಟ್ರಿಗರಿನ ಸುತ್ತ ಕಬ್ಬಿಣದ ಬಳೆಯ ಹಾಗೆ ಒಂದು ಹಿಡಿ. ಅದನ್ನು ಕೆಳಕ್ಕೆ ದೂಡಿ ಮೇಲಕ್ಕೆ ಎಳೆದರೆ ಖಾಲಿ ತೋಟೆ ಹೊರಗೆ, ಹೊಸ ತೋಟೆ ಒಳಗೆ. ಸಿನಿಮಾದಲ್ಲಿ ಕುದುರೆ ಮೇಲೆ ಕೂತು ಟಕ್ ಟಕ್ ಎನ್ನಿಸುವುದು ಅದನ್ನೇ.

ಆಂಡರ್ಸನ್ನರ ಕೈಯ ಕೋವಿ

ಇಂಥ ಕೋವಿಯನ್ನು ಕಣ್ಣಾರೆ ಕಾಣದಿದ್ದರೂ ಕನ್ನಡ ಓದುವ ಸಾವಿರಾರು ಮಂದಿಗೆ ಇದರ ಪರಿಚಯ ಉಂಟು. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು 'ಕಾಡಿನ ಕತೆಗಳು' ಎಂದು ಕನ್ನಡಕ್ಕೆ ತಂದರಲ್ಲ, ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲೂ ಸಿಗುವಂಥ ಪುಸ್ತಕಗಳು. 'ಬೆಳಂದೂರಿನ ನರಭಕ್ಷಕ', 'ಜಾಲಹಳ್ಳಿಯ ಕುರ್ಕ' ಓದಿದವರು ಮರೆತಿರಲಿಕ್ಕಿಲ್ಲ. ಆಂಡರ್ಸನ್ 1910ರಲ್ಲಿ ಹುಟ್ಟಿ, ಬೆಂಗಳೂರಿನಲ್ಲೇ ಬಾಳಿ, ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿ, 1974ರಲ್ಲಿ ತೀರಿಕೊಂಡವರು. ಅವರ ಮೊದಲ ಪುಸ್ತಕ ಹೊರಬಂದದ್ದು 1954ರಲ್ಲಿ. ಅವರ ನೆಚ್ಚಿನ ಕೋವಿ .405 ವಿಂಚೆಸ್ಟರ್, ಅಂದರೆ 1895ರ ಮಾದರಿಯ ಲಿವರ್ ರೈಫಲ್.

ಈ ಮಾದರಿಯನ್ನು ರೂಪಿಸಿದವರು ಜಾನ್ ಬ್ರೌನಿಂಗ್ ಎಂಬ ಅಮೆರಿಕದ ಮಹಾ ಮೇಸ್ತ್ರಿ. ಅದಕ್ಕೂ ಮುಂಚಿನ ವಿಂಚೆಸ್ಟರ್‌ಗಳಲ್ಲಿ ತೋಟೆಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂತಿರುತ್ತಿದ್ದವು. ಅಲ್ಲಿ ಚೂಪು ಮೂತಿಯ ಗುಂಡು ಹಾಕುವ ಹಾಗಿಲ್ಲ. ಹಿಂದಿನ ತೋಟೆಯ ಚೂಪು ಮುಂದಿನ ತೋಟೆಯ ಕೇಪನ್ನು ಕುಟ್ಟಿದರೆ ಕೊಳವೆಯಲ್ಲೇ ಸಿಡಿಯುವ ಭಯ. 1895ರ ಮಾದರಿಯಲ್ಲಿ ಬ್ರೌನಿಂಗ್ ಕೊಳವೆಯನ್ನೇ ತೆಗೆದು, ಹೊಟ್ಟೆಯಡಿಯಲ್ಲಿ ಪೆಟ್ಟಿಗೆ ಇಟ್ಟರು. ತೋಟೆ ಒಂದರ ಮೇಲೊಂದು. 1904ರಲ್ಲಿ ಅದಕ್ಕೆ .405ರ ದೊಡ್ಡ ತೋಟೆ ಬಂತು. ಗುಂಡಿನ ತೂಕ 300 ಗ್ರೇನ್, ನಮ್ಮ ಲೆಕ್ಕದಲ್ಲಿ ಎರಡೂವರೆ ಪವನಿನ ಹತ್ತಿರ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋಗುವಾಗ ಇದನ್ನೇ ಹೊತ್ತುಕೊಂಡು ಹೋದರು.

ಈಗ ನಮ್ಮ ವಿಷಯಕ್ಕೆ ಬೇಕಾದ ಮಾತು. ನರಭಕ್ಷಕಗಳ ಬೆನ್ನು ಹತ್ತಿದ ಆಂಡರ್ಸನ್ ರಾತ್ರಿ ಮರ ಹತ್ತಿ ಕೂರುವಾಗ ಕೋವಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ದುರ್ಬೀನನ್ನಲ್ಲ, ಟಾರ್ಚನ್ನು. ಕಾಡಿನಲ್ಲಿ ಪ್ರಾಣಿ ಎದುರಾಗುವುದು ಹತ್ತು ಹದಿನೈದು ಹೆಜ್ಜೆಯಲ್ಲಿ. ಅಲ್ಲಿ ಬೇಕಾಗುವುದು ಬೆಳಕು. ಇದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೇಲಕ್ಕೆ ಹಾರುವ ತೋಟೆ

ಹಳೆಯ ಲಿವರ್ ರೈಫಲಿನ ಮೇಲೆ ದುರ್ಬೀನು ಯಾಕೆ ಕೂರುವುದಿಲ್ಲ ಎಂದರೆ ಅಲ್ಲಿ ಜಾಗವೇ ಇಲ್ಲ. ವಿಂಚೆಸ್ಟರಿನ 1894, 1895ರ ಮಾದರಿಗಳ ಬಾಯಿ ಇರುವುದು ಬೆನ್ನ ಮೇಲೆ. ಲಿವರ್ ದೂಡಿದಾಗ ಖಾಲಿ ತೋಟೆ ಹೊದಳು ಸಿಡಿದ ಹಾಗೆ ನೇರ ಮೇಲಕ್ಕೆ ಹಾರುತ್ತದೆ. ಅಲ್ಲಿ ದುರ್ಬೀನು ಅಡ್ಡ ಮಲಗಿದರೆ ತೋಟೆ ಅದರ ಹೊಟ್ಟೆಗೆ ಬಡಿದು ಮತ್ತೆ ಒಳಗೇ ಬೀಳುತ್ತದೆ. ಕೋವಿ ಕಚ್ಚಿಕೊಳ್ಳುತ್ತದೆ. ಗಾಯಗೊಂಡ ಹಂದಿ ಎದುರು ನಿಂತಿರುವಾಗ ಕೋವಿ ಕಚ್ಚಿಕೊಳ್ಳುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಎಲ್ಲ ಲಿವರ್ ರೈಫಲುಗಳ ಜಾತಕವೂ ಹೀಗೇ ಅಲ್ಲ. ಸ್ಯಾವೇಜ್ ಕಂಪೆನಿಯ 1899ರ ಮಾದರಿ ತೋಟೆಯನ್ನು ಪಕ್ಕಕ್ಕೆ ಉಗುಳುತ್ತದೆ. ಮಾರ್ಲಿನ್ ಕಂಪೆನಿಯ ಕೋವಿಗಳ ಬೆನ್ನು ಗಟ್ಟಿ, ಬಾಯಿ ಬಲಗಡೆಗೆ. ಅದರ 336ನೇ ಮಾದರಿ ಬಂದದ್ದು 1948ರಲ್ಲಿ, 1950ರ ದಶಕದ ನಡುವಿನಿಂದ ದುರ್ಬೀನಿನ ಸ್ಕ್ರೂ ತೂತುಗಳನ್ನು ಕಾರ್ಖಾನೆಯಲ್ಲೇ ಕೊರೆದು ಕೊಡಲು ಸುರು ಮಾಡಿದರು. ದುರ್ಬೀನಿನ ಗಿರಾಕಿಗಳೆಲ್ಲ ಮಾರ್ಲಿನ್ ಅಂಗಡಿಗೆ ಹೋಗುವುದನ್ನು ನೋಡಿ ನೋಡಿ ಸಾಕಾಗಿ, ವಿಂಚೆಸ್ಟರಿನವರೂ 1980ರ ದಶಕದ ಆರಂಭದಲ್ಲಿ ತಮ್ಮ 94ರ ಬಾಯಿಯನ್ನು ಸ್ವಲ್ಪ ಓರೆ ಮಾಡಿ, ತೋಟೆ ಬಲಕ್ಕೆ ಹಾರುವಂತೆ ಮಾಡಿದರು. ಸುಮಾರು ತೊಂಬತ್ತು ವರ್ಷ ಹಿಡಿಯಿತು ಅಷ್ಟಕ್ಕೆ! ಆದರೆ ನಮ್ಮಲ್ಲಿ ಅಟ್ಟದಿಂದ ಇಳಿಯುವ ಕೋವಿ ಅದಕ್ಕಿಂತ ಹಿಂದಿನದು. ಖಾಸಗಿಯವರು ಹೊರದೇಶದ ಕೋವಿ ತರಿಸಿಕೊಳ್ಳುವ ಬಾಗಿಲನ್ನು ಸರಕಾರ ಮುಚ್ಚಿದ್ದೇ 1980ರ ದಶಕದಲ್ಲಿ.

ಹಾಗಾದರೆ ನಿಮ್ಮ ಮನೆಯ ಕೋವಿ ಯಾವ ಜಾತಿ? ಪರೀಕ್ಷೆ ಸುಲಭ. ತೋಟೆ ಇಲ್ಲವೆಂದು ಎರಡು ಸಲ ನೋಡಿ, ನಳಿಗೆಯನ್ನು ಮಣ್ಣಿನ ದರೆಗೆ ತಿರುಗಿಸಿ, ಲಿವರ್ ಇಳಿಸಿ. ಬಾಯಿ ಆಕಾಶಕ್ಕೆ ತೆರೆದರೆ ಮೇಲೆ ದುರ್ಬೀನು ಇಲ್ಲ. ಪಕ್ಕಕ್ಕೆ ತೆರೆದರೆ ಬೆನ್ನ ಮೇಲೆ ಸಣ್ಣ ಸ್ಕ್ರೂ ಮುಚ್ಚಿದ ತೂತುಗಳುಂಟೋ ನೋಡಿ. ಇದ್ದರೆ ಅರ್ಧ ಕೆಲಸ ಆಗಿದೆ.

ಬಾಯಿ ಮೇಲಕ್ಕೇ ಇದ್ದರೆ ದಾರಿ ಇಲ್ಲವೇ ಎಂದರೆ, ಎರಡುಂಟು. ಎರಡೂ ಅಡ್ಡದಾರಿಯೇ.

ಒಂದು, ಎಡಪಕ್ಕಕ್ಕೆ ತಗಡು ಬಿಗಿದು ದುರ್ಬೀನನ್ನು ಓರೆಯಾಗಿ ನಿಲ್ಲಿಸುವುದು. ತೋಟೆ ಹಾರಲಿಕ್ಕೆ ದಾರಿ ಬಿಡುತ್ತದೆ. ಆದರೆ ನೋಟ ಒಂದು ಕಡೆ, ನಳಿಗೆ ಇನ್ನೊಂದು ಕಡೆ. ಎರಡು ಗೆರೆ ಕೂಡುವುದು ಒಂದೇ ದೂರದಲ್ಲಿ. 50 ಗಜಕ್ಕೆ ಸರಿ ಮಾಡಿಟ್ಟರೆ ಅದಕ್ಕಿಂತ ಹತ್ತಿರದಲ್ಲಿ ಗುಂಡು ಸ್ವಲ್ಪ ಬಲಕ್ಕೆ, ದೂರದಲ್ಲಿ ಎಡಕ್ಕೆ. ಇದು ಒಂದೆರಡು ಅಂಗುಲದ ಮಾತು, ಹಂದಿಯ ಗಾತ್ರಕ್ಕೆ ದೊಡ್ಡ ವಿಷಯ ಅಲ್ಲ ಎಂದು ನನಗೂ ಅನ್ನಿಸುತ್ತದೆ. ದೊಡ್ಡ ವಿಷಯ ಕೆನ್ನೆಯದ್ದು. ಹಳೆಯ ಕೋವಿಯ ಮರವನ್ನು ಕೆತ್ತಿದ್ದೇ ಕೆನ್ನೆ ಒತ್ತಿ ತಗ್ಗಿನಿಂದ ನೋಡಲಿಕ್ಕೆ. ದುರ್ಬೀನು ಎತ್ತರದಲ್ಲಿ, ಅದೂ ಎಡಕ್ಕೆ ಇದ್ದರೆ ಕೆನ್ನೆ ಮರ ಬಿಟ್ಟು ಗಾಳಿಯಲ್ಲಿ ತೇಲುತ್ತದೆ. ಪ್ರತಿ ಈಡಿಗೂ ತಲೆ ಒಂದೊಂದು ಕಡೆ. ಗುರಿಯೂ ಒಂದೊಂದು ಕಡೆ.

ಎರಡನೆಯದು, ದುರ್ಬೀನನ್ನು ಬಾಯಿಂದ ಮುಂದಕ್ಕೆ, ನಳಿಗೆಯ ಮೇಲೆಯೇ ಕೂರಿಸುವುದು. ಇದಕ್ಕೆ ಮಾಮೂಲು ದುರ್ಬೀನು ನಡೆಯುವುದಿಲ್ಲ. ಮಾಮೂಲಿನದ್ದಕ್ಕೆ ಕಣ್ಣು ಮೂರ್ನಾಲ್ಕು ಅಂಗುಲದಲ್ಲಿರಬೇಕು. ಇದಕ್ಕೆ ಒಂಬತ್ತು ಹತ್ತು ಅಂಗುಲ ದೂರದಿಂದ ಕಾಣುವ ಬೇರೆ ಜಾತಿಯದ್ದು ಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಹೆಚ್ಚಿನವು ಏರ್‌ಗನ್ನಿನ ದುರ್ಬೀನುಗಳು. ಅದನ್ನು ತಂದು ನಳಿಗೆ ಮೇಲೆ ಕಟ್ಟಿದರೆ ಕಾಣುವುದು ಬಸ್ಸಿನ ಹಿಂದಿನ ಸೀಟಿನಿಂದ ಡ್ರೈವರನ ಕನ್ನಡಿ ನೋಡಿದಷ್ಟು. ಇನ್ನು ಅದನ್ನೇ ಹಿಂದಕ್ಕೆ, ಕಣ್ಣಿಗೆ ತೀರಾ ಹತ್ತಿರ ತಂದು .405ರಂಥ ಒದೆಯುವ ಕೋವಿಯಲ್ಲಿ ಈಡು ಬಿಟ್ಟರೆ, ಹುಬ್ಬಿನ ಮೇಲೆ ಅರ್ಧಚಂದ್ರ ಗ್ಯಾರಂಟಿ. ಹೊಲಿಗೆ ಹಾಕಿಸಿಕೊಂಡೇ ಬರಬೇಕು.

ಕುದುರೆಯ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಎಲ್ಲದಕ್ಕಿಂತ ಇದು ಭಯದ್ದು. ಹಳೆಯ ವಿಂಚೆಸ್ಟರುಗಳಲ್ಲಿ ಈಗಿನ ಕೋವಿಗಳ ಹಾಗೆ ಒತ್ತುವ ಸೇಫ್ಟಿ ಗುಂಡಿ ಇಲ್ಲ. ಕುದುರೆಯನ್ನು ಹೆಬ್ಬೆರಳಿನಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲ ಇಳಿಸಿ ಅರ್ಧಕ್ಕೆ ನಿಲ್ಲಿಸುವುದೇ ಅದರ ಸೇಫ್ಟಿ. ಪಕ್ಕದ ಕಬ್ಬಿಣವೋ ದುರ್ಬೀನಿನ ಬಾಲವೋ ಹೆಬ್ಬೆರಳಿಗೆ ಅಡ್ಡ ಬಂದರೆ, ಮಳೆಗೆ ಬೆರಳು ಒದ್ದೆಯಾಗಿದ್ದರೆ, ಕುದುರೆ ಜಾರುತ್ತದೆ. ಜಾರಿದರೆ ಈಡು. ಆಗ ನಳಿಗೆ ಯಾವ ಕಡೆ ಇತ್ತು ಎಂಬುದೊಂದೇ ಉಳಿಯುವ ಪ್ರಶ್ನೆ. ದುರ್ಬೀನು ಹಾಕಿದ ಲಿವರ್ ರೈಫಲಿಗೆ ಕುದುರೆಯ ಪಕ್ಕಕ್ಕೆ ಸಣ್ಣ ಕಿವಿಯಂಥ ತುಂಡು ಸಿಕ್ಕಿಸುವುದು ಇದಕ್ಕಾಗಿಯೇ. ಅದಿಲ್ಲದೆ ಯಾರಾದರೂ ದುರ್ಬೀನು ಬಿಗಿದು ಕೊಟ್ಟರೆ ಅವರಿಗೆ ಕೆಲಸ ಗೊತ್ತಿಲ್ಲ ಎಂದೇ ಲೆಕ್ಕ.

ಕಿಂಡಿಯ ಗುಟ್ಟು

ಇಷ್ಟೆಲ್ಲ ರಗಳೆ ಯಾಕೆ? ಕಣ್ಣಿಗಾಗಿ. ನಲವತ್ತೈದು ದಾಟಿತು ಎಂದರೆ ಅಂಗಡಿಯಲ್ಲಿ ಬಿಲ್ಲು ಬರೆಯುವವರೂ ಚೀಟಿಯನ್ನು ಕೈ ಉದ್ದ ಮಾಡಿ ಹಿಡಿಯುತ್ತಾರಲ್ಲ, ಅದೇ ತೊಂದರೆ ಕೋವಿಯಲ್ಲೂ. ಹಿಂದಿನ ಕಚ್ಚು, ಮುಂದಿನ ಮಣಿ, ಆಚೆ ಗುರಿ, ಈ ಮೂರನ್ನೂ ಕಣ್ಣು ಒಟ್ಟಿಗೇ ಹಿಡಿಯಬೇಕು. ಹರೆಯದ ಕಣ್ಣು ಮೂರರ ನಡುವೆ ಕ್ಷಣದಲ್ಲಿ ಓಡಾಡುತ್ತದೆ. ಹಳೆಯ ಕಣ್ಣಿಗೆ ಹಿಂದಿನ ಕಚ್ಚು ಹೊಗೆಯಾಗಿ ಕಾಣುತ್ತದೆ. ದುರ್ಬೀನಿನ ನಿಜವಾದ ಉಪಕಾರ ದೊಡ್ಡದು ಮಾಡಿ ತೋರಿಸುವುದಲ್ಲ, ಗೆರೆಯನ್ನೂ ಗುರಿಯನ್ನೂ ಒಂದೇ ದೂರದಲ್ಲಿ ಇಟ್ಟು ತೋರಿಸುವುದು. ಅದು ಒಪ್ಪಬೇಕಾದ ಮಾತೇ.

ಆದರೆ ಅದಕ್ಕೆ ಸಾವಿರಗಟ್ಟಲೆ ಸುರಿಯದ, ಕೋವಿಯನ್ನು ವಿಕಾರ ಮಾಡದ ಇನ್ನೊಂದು ಉಪಾಯ ಉಂಟು. ಕಿಂಡಿ. ಉಡುಪಿಯವರಿಗೆ ಕಿಂಡಿಯ ಮಹಿಮೆಯನ್ನು ಬೇರೆ ಊರಿನವರು ಬಂದು ಹೇಳಿಕೊಡಬೇಕಾಗಿಲ್ಲ! ಹಿಂದಿನ ಕಚ್ಚನ್ನು ತೆಗೆದು, ಅದರ ಬದಲು ಕಣ್ಣಿಗೆ ಹತ್ತಿರದಲ್ಲಿ ನಡುವೆ ಸಣ್ಣ ತೂತಿರುವ ಒಂದು ಬಿಲ್ಲೆ. ಅಷ್ಟೇ. ತೂತಿನ ಮೂಲಕ ನೋಡಿ, ಮಣಿಯನ್ನು ಗುರಿಯ ಮೇಲಿಡಿ. ತೂತನ್ನು ನೋಡುವ ಕೆಲಸವೇ ಇಲ್ಲ, ಅದರ ನಡುವನ್ನು ಕಣ್ಣು ತಾನಾಗಿ ಹುಡುಕಿಕೊಳ್ಳುತ್ತದೆ. ಮೂರು ಕೆಲಸ ಎರಡಾಯಿತು. ಜೊತೆಗೆ ಸಣ್ಣ ತೂತು ಮಸುಕನ್ನು ಕಡಿಮೆ ಮಾಡುತ್ತದೆ.

ನಂಬಿಕೆ ಇಲ್ಲದಿದ್ದರೆ ನಾಳೆ ಬಸ್ ಸ್ಟ್ಯಾಂಡಿನಲ್ಲಿ ಪರೀಕ್ಷೆ ಮಾಡಿ. ಕನ್ನಡಕ ಕಿಸೆಗೆ ಹಾಕಿ, ಮುಷ್ಟಿ ಬಿಗಿದು ಹೆಬ್ಬೆರಳಿನ ಬುಡದಲ್ಲಿ ಸೂಜಿಯಷ್ಟು ಸಂದು ಬಿಟ್ಟು, ಅದರೊಳಗಿಂದ ಬಸ್ಸಿನ ಬೋರ್ಡು ನೋಡಿ. 'ಕಾರ್ಕಳ'ವೋ 'ಕಾಪು'ವೋ ಎಂದು ತಿಳಿಯದೆ ನಿಂತವರಿಗೆ ಅಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಖರ್ಚಿಲ್ಲ. ಪಕ್ಕದವರು ವಿಚಿತ್ರವಾಗಿ ನೋಡಿಯಾರು, ನೋಡಲಿ.

ಅಮೆರಿಕದ ವಿಲಿಯಂ ಲೈಮನ್ ಎಂಬವರು 1879ರಲ್ಲೇ ಇಂಥ ಕಿಂಡಿಗೆ ಪೇಟೆಂಟ್ ತೆಗೆದುಕೊಂಡಿದ್ದರು. ಅಂದರೆ ವಿಂಚೆಸ್ಟರ್ 1895 ಹುಟ್ಟುವ ಮುಂಚೆಯೇ ಅದರ ಕನ್ನಡಕ ಹುಟ್ಟಿತ್ತು. ಆ ಕಾಲದ ಹಲವು ಲಿವರ್ ರೈಫಲುಗಳಲ್ಲಿ ಮರದ ಹಿಡಿ ಸುರುವಾಗುವ ಕಡೆ, ಕಬ್ಬಿಣದ ಬಾಲದ ಮೇಲೆ ಕಾರ್ಖಾನೆಯವರೇ ಕೊರೆದ ಸ್ಕ್ರೂ ತೂತು ಇರುತ್ತದೆ. ಕಿಂಡಿ ಕೂರಿಸಲಿಕ್ಕೆಂದೇ ಬಿಟ್ಟದ್ದು. ನಡುವೆ ಬಂದ ಯಾರೋ ಅದಕ್ಕೆ ಯಾವುದೋ ಸ್ಕ್ರೂ ತಿರುಪಿ ಮುಚ್ಚಿರುತ್ತಾರೆ, ನಾವು ಗಮನಿಸಿರುವುದಿಲ್ಲ. ಹೊಸ ತೂತು ಕೊರೆಯುವ ಮುಂಚೆ ಹಳೆಯ ತೂತು ಉಂಟೋ ಎಂದು ನೋಡಿದರೆ ಒಳ್ಳೆಯದಲ್ಲವಾ?

ಹೊಸ ತೂತಿನಿಂದ ಆಗುವ ನಷ್ಟ ಎರಡು ಬಗೆಯದ್ದು. ಹಳೆಯ ಕಬ್ಬಿಣದ ಮೈ ಕೆಲವು ಕಡೆ ಕಲ್ಲಿನಷ್ಟು ಗಟ್ಟಿ, ಡ್ರಿಲ್ಲಿನ ಮೂತಿ ಜಾರಿ ಎಲ್ಲಿಗೋ ಹೋಗುತ್ತದೆ. ಕೆಲವು ಕಡೆ ಗೋಡೆ ತೆಳು. ತೋಟೆ ಸಿಡಿಯುವ ಕೋಣೆಯ ಮೇಲೆ ಒಂದು ಸುತ್ತು ಜಾಸ್ತಿ ಕೊರೆದರೆ ಆ ಕೋವಿ ಮತ್ತೆ ಈಡಿಗೆ ಯೋಗ್ಯ ಅಲ್ಲ. ಇನ್ನೊಂದು ಬೆಲೆಯ ಮಾತು. ಹೊರಗಿನ ದೇಶಗಳಲ್ಲಿ ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಹಳೆಯ ವಿಂಚೆಸ್ಟರಿಗೆ ಒಂದು ಬೆಲೆ, ತೂತು ಕೊರೆದದ್ದಕ್ಕೆ ಇನ್ನೊಂದು, ನಡುವೆ ಅಜಗಜಾಂತರ. ನಮಗೆ ಮಾರುವ ಯೋಚನೆ ಇಲ್ಲ ಎಂದು ಹೇಳಬಹುದು. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಇಟ್ಟು ಪೂಜೆ ಮಾಡುತ್ತಾರೆ. ನಮ್ಮಲ್ಲೂ ಆಯುಧ ಪೂಜೆಗೆ ಕೋವಿಗೆ ಗಂಧ ಹಚ್ಚುವ ಮನೆಗಳಿವೆ. ಪೂಜೆ ಮಾಡುವ ವಸ್ತುವಿಗೆ ಡ್ರಿಲ್ಲು ಹಾಕಲು ಕೈ ಬರುವುದು ಹೇಗೆ, ನನಗಂತೂ ಗೊತ್ತಿಲ್ಲ.

ಲೇತಿನವರೇ, ಜಾಗ್ರತೆ

ಕೊರೆಯುವುದು ಯಾರು? ಇದು ಅಂಗಡಿ ಇಟ್ಟವರು ಕಿವಿಗೊಟ್ಟು ಕೇಳಬೇಕಾದ ಭಾಗ. ಪರಿಚಯದವರು ಒಬ್ಬರು ಗೋಣಿಚೀಲದಲ್ಲಿ ಸುತ್ತಿ ತರುತ್ತಾರೆ. "ಎಂತ ಇಲ್ಲ ಅಣ್ಣ, ನಾಲ್ಕು ತೂತು, ನಾಲ್ಕು ಸ್ಕ್ರೂ, ಹತ್ತು ನಿಮಿಷದ ಕೆಲಸ" ಎಂಬ ಧಾಟಿಯಲ್ಲಿ ಮಾತು ಬರುತ್ತದೆ. ಲೇತಿನವರಿಗೆ ಹತ್ತು ನಿಮಿಷದ ಕೆಲಸವೇ, ಸುಳ್ಳಲ್ಲ. ಆದರೆ 1959ರ ಆಯುಧ ಕಾಯಿದೆಯ 5ನೇ ಕಲಂ ಪ್ರಕಾರ ಬಂದೂಕು ತಯಾರಿ, ಮಾರಾಟ ಮಾತ್ರ ಅಲ್ಲ, ರಿಪೇರಿಗೂ ಪರೀಕ್ಷೆಗೂ ಲೈಸೆನ್ಸ್ ಬೇಕು. ಕೋವಿ ತಂದವರಲ್ಲಿ ಲೈಸೆನ್ಸ್ ಇದ್ದರೆ ಅದು ಇಟ್ಟುಕೊಳ್ಳುವ ಲೈಸೆನ್ಸ್. ಲೇತಿನವರಿಗೆ ಅದು ಕೊಡೆಯಾಗುವುದಿಲ್ಲ. 2019ರ ತಿದ್ದುಪಡಿಯ ನಂತರ ಈ ಕಲಂ ಮುರಿದವರಿಗೆ ಕನಿಷ್ಠ 7 ವರ್ಷ ಸಜೆ, ಹೆಚ್ಚೆಂದರೆ ಜೀವಾವಧಿ. ದುರ್ಬೀನಿಗೆ ತೂತು ಕೊರೆಯುವುದು ರಿಪೇರಿ ಅಲ್ಲ, ಬರೀ ಅಲಂಕಾರ ಎಂದು ವಾದ ಮಾಡಬಹುದು. ಆ ವಾದ ಕೋರ್ಟಿನಲ್ಲಿ ಗೆಲ್ಲುವ ಹೊತ್ತಿಗೆ ಲೇತಿನ ಬೆಲ್ಟು ತುಕ್ಕು ಹಿಡಿದಿರುತ್ತದೆ. ಲೈಸೆನ್ಸ್ ಇರುವ ಬಂದೂಕು ಅಂಗಡಿಯವರಿಗೆ, ಬಂದೂಕು ಮೇಸ್ತ್ರಿಗೆ ಬಿಟ್ಟು ಬೇರೆ ಯಾರಿಗೂ ಕೊಡಬೇಡಿ. ಹತ್ತು ನಿಮಿಷಕ್ಕೆ ಹತ್ತು ದಿನ ಆಗಲಿ.

ಅದೇ 2019ರಲ್ಲಿ ಆದ ಇನ್ನೆರಡು ಬದಲಾವಣೆ: ಒಬ್ಬರ ಹೆಸರಿನಲ್ಲಿ ಮೂರು ಕೋವಿ ಇಡಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದ ಲೈಸೆನ್ಸ್ ಐದು ವರ್ಷಕ್ಕಾಯಿತು. ಹಿರಿಯರಿಂದ ಬಂದ ಕೋವಿ ಎಂದು ಅಟ್ಟದಲ್ಲೇ ಇಟ್ಟುಕೊಂಡವರು, ಲೈಸೆನ್ಸಿನಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ ಇದ್ದರೆ, ದುರ್ಬೀನಿನ ಯೋಚನೆ ಬಿಟ್ಟು ಮೊದಲು ರಜತಾದ್ರಿಯ ಬಸ್ಸು ಹಿಡಿಯುವುದು ಒಳ್ಳೆಯದು.

ಇನ್ನು ತೋಟೆ. ವರ್ಷಕ್ಕೆ ಇಷ್ಟೇ ಎಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ದುರ್ಬೀನು ಕೂರಿಸಿದ ಮೇಲೆ ಗುರಿ ಕೂಡಿಸಬೇಕಲ್ಲ? ಕಾಗದಕ್ಕೆ ಮೂರು ಈಡು, ತಿರುಪು, ಮತ್ತೆ ಮೂರು, ಮತ್ತೆ ತಿರುಪು. ಎಷ್ಟು ಹಿಡಿತ ಮಾಡಿದರೂ ಹತ್ತು ತೋಟೆ ಹೋಯಿತು. ನಮ್ಮ ದೇಶದ ಸರಕಾರಿ ಕಾರ್ಖಾನೆಯವರು ಮಾಡುವ .315 ರೈಫಲಿಗೆ ತೋಟೆ ಇಲ್ಲಿಯೇ ತಯಾರಾಗುತ್ತದೆ. .405 ವಿಂಚೆಸ್ಟರಿನದ್ದು ಹಾಗಲ್ಲ. ಹೊಂದುವ ತೋಟೆ ಸಿಗುವುದೇ ಕಷ್ಟ ಇರುವಾಗ ಹತ್ತನ್ನು ಕಾಗದಕ್ಕೆ ಸುಡುವವರು ಯಾರು? ಸುಡದೆ ಹೋದರೆ ದುರ್ಬೀನು ತೋರಿಸುವುದು ಒಂದು, ಕೋವಿ ಹೊಡೆಯುವುದು ಇನ್ನೊಂದು. ಗುರಿ ಕೂಡಿಸದ ದುರ್ಬೀನಿಗಿಂತ ಬರೀ ಮಣಿಯೇ ವಾಸಿ.

ಹಂದಿಯೋ, ಮನುಷ್ಯನೋ

ಈಗ ಆಂಡರ್ಸನ್ನರ ಟಾರ್ಚಿಗೆ ಬನ್ನಿ. ನಮ್ಮ ಕಡೆ ಹಂದಿ ಗದ್ದೆಗೆ ಇಳಿಯುವುದು ರಾತ್ರಿ. ಮರೆ ಕಟ್ಟಿ ಕೂತರೆ ಎದುರಾಗುವ ದೂರ ಇಪ್ಪತ್ತು ಮೂವತ್ತು ಹೆಜ್ಜೆ. ನಾಲ್ಕು ಪಟ್ಟು ದೊಡ್ಡದು ಮಾಡುವ ದುರ್ಬೀನಿನಲ್ಲಿ 100 ಗಜಕ್ಕೆ 30 ಅಡಿ ಅಗಲ ಕಾಣುತ್ತದೆ ಎಂದಿಟ್ಟುಕೊಳ್ಳಿ, 20 ಗಜದಲ್ಲಿ ಕಾಣುವುದು 6 ಅಡಿ ಮಾತ್ರ. ಓಡುವ ಹಂದಿ ಅದನ್ನು ಕಣ್ಣು ಮಿಟುಕಿಸುವುದರೊಳಗೆ ದಾಟಿರುತ್ತದೆ. ನಿಂತ ಹಂದಿಯಾದರೂ ಕಾಣುವುದು ಕಪ್ಪು ರೋಮದ ಒಂದು ತುಂಡು. ಅದು ಹಂದಿಯ ಪಕ್ಕೆಯೋ, ಪಕ್ಕದ ಮನೆಯವರ ಎಮ್ಮೆ ಕರುವೋ, ಕಂಬಳಿ ಹೊದ್ದು ಗದ್ದೆಗೆ ನೀರು ಕಟ್ಟಲು ಬಂದ ಮನುಷ್ಯನೋ? ಹಂದಿ ಎಂದು ತಿಳಿದು ಮನುಷ್ಯನಿಗೆ ಈಡು ಬಿದ್ದ ಸುದ್ದಿ ಮಲೆನಾಡಿನಿಂದ ಕೊಡಗಿನಿಂದ ಎಷ್ಟು ಸಲ ಬಂದಿಲ್ಲ? ದುರ್ಬೀನು ಬೆಳಕು ಕೊಡುವುದಿಲ್ಲ. ಅದು ಕೊಡುವುದು ಧೈರ್ಯ. ಕತ್ತಲೆಯಲ್ಲಿ ಸುಳ್ಳು ಧೈರ್ಯದಷ್ಟು ಕೆಟ್ಟದ್ದು ಬೇರೆ ಇಲ್ಲ.

ಆಚೆ ಏನಿದೆ ಎಂಬುದೂ ಉಂಟು. ಚರೆ ಕೋವಿಯ ಸಣ್ಣ ಚರೆ ಇನ್ನೂರು ಮುನ್ನೂರು ಗಜದಲ್ಲಿ ನೆಲಕ್ಕೆ ಬೀಳುತ್ತದೆ. ರೈಫಲಿನ ಗುಂಡು ತಡೆ ಇಲ್ಲದಿದ್ದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಬನ್ನಂಜೆಯಲ್ಲಿ ಹೊರಟದ್ದು ಕಲ್ಸಂಕ ದಾಟೀತು. ನಮ್ಮ ಜಿಲ್ಲೆಯಲ್ಲಿ ಮನೆಗಳು ಒಂದೂರಿನಲ್ಲಿ ಗುಂಪಾಗಿ ಇಲ್ಲ, ತೋಟಕ್ಕೊಂದು ಗದ್ದೆಗೊಂದು ಚದುರಿಕೊಂಡಿವೆ. ದುರ್ಬೀನಿನ ಉರುಟಿನಲ್ಲಿ ಹಂದಿ ಕಾಣುತ್ತದೆ, ಹಂದಿಯ ಹಿಂದಿನ ಮನೆ ಕಾಣುವುದಿಲ್ಲ.

ಕಾನೂನಿನ ಮಾತನ್ನು ಕೃಷಿಕರು ಕೇಳಿ ಕೇಳಿ ಬೇಸತ್ತಿದ್ದಾರೆ, ಆದರೂ ಚುಟುಕಾಗಿ ಹೇಳಲೇಬೇಕು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಎಂಬ ಹವ್ಯಾಸ ಮುಗಿಯಿತು. ಲೈಸೆನ್ಸಿನಲ್ಲಿ ಬೆಳೆ ರಕ್ಷಣೆಗೆ ಎಂದು ಬರೆದಿದ್ದ ಮಾತ್ರಕ್ಕೆ ಹಂದಿ ಹೊಡೆಯುವ ಪರವಾನಿಗೆ ಸಿಕ್ಕ ಹಾಗಲ್ಲ. ಬೆಳೆ ಹಾಳು ಮಾಡುವ ಹಂದಿಯ ವಿಚಾರದಲ್ಲಿ ಅರಣ್ಯ ಇಲಾಖೆಯ ಅಧಿಕಾರಿ ಲಿಖಿತವಾಗಿ ಅನುಮತಿ ಕೊಡಲು ಅದೇ ಕಾಯಿದೆಯ 11ನೇ ಕಲಮಿನಲ್ಲಿ ಅವಕಾಶ ಉಂಟು. ನವಿಲು, ಕಾಟಿ ಮೊದಲ ಪಟ್ಟಿಯಲ್ಲಿರುವವು, ಅವುಗಳ ಸುದ್ದಿಗೆ ಹೋಗುವ ಹಾಗೇ ಇಲ್ಲ. 2022ರ ತಿದ್ದುಪಡಿಯಲ್ಲಿ ನಮ್ಮ ಮಾಮೂಲು ಮಂಗನೂ ಆ ಮೊದಲ ಪಟ್ಟಿಗೆ ಏರಿ ಕೂತಿದೆ. ಬಾಳೆಗೊನೆ, ಸೀಯಾಳ ಕಳೆದುಕೊಂಡವರ ಹೊಟ್ಟೆ ಉರಿ ಇರಲಿ, ಪಟ್ಟಿಯಂತೂ ಹಾಗೇ ಉಂಟು. ಕುದುರೆಮುಖ, ಸೋಮೇಶ್ವರದ ಗಡಿಯೊಳಗೆ ಅನುಮತಿ ಇಲ್ಲದೆ ಕೋವಿ ಹಿಡಿದು ಕಾಲಿಡುವುದೇ ಅಪರಾಧ, ದುರ್ಬೀನು ಇದ್ದರೂ ಇಲ್ಲದಿದ್ದರೂ.

ಇಷ್ಟಾದ ಮೇಲೂ ಹಾಕಿಸಿಯೇ ಸಿದ್ಧ ಎನ್ನುವವರು ಇರುತ್ತಾರೆ. ಪಕ್ಕಕ್ಕೆ ಬಾಯಿ ಇರುವ, ಕಾರ್ಖಾನೆಯ ತೂತು ಇರುವ ಕೋವಿಯಾದರೆ ನಾನೂ ಬೇಡ ಎನ್ನುವುದಿಲ್ಲ. ಕಡಿಮೆ ಪಟ್ಟಿನದ್ದನ್ನು ಆರಿಸಿ. ಒಂದೂವರೆ, ಎರಡೂವರೆ ಪಟ್ಟು ಸಾಕು, ಒಂಬತ್ತು ಪಟ್ಟು ನಮ್ಮ ತೋಟದ ಸಂದಿಗೆ ಅಲ್ಲ. ಏರ್‌ಗನ್ನಿನ ದುರ್ಬೀನು ಏರ್‌ಗನ್ನಿಗೇ ಇರಲಿ. ಸ್ಪ್ರಿಂಗಿನ ಏರ್‌ಗನ್ ಹಿಂದಕ್ಕೂ ಮುಂದಕ್ಕೂ ಒದೆಯುವುದರಿಂದ ಅದರ ದುರ್ಬೀನು ಗಟ್ಟಿ ಎಂದು ಕೆಲವರು ವಾದಿಸುತ್ತಾರೆ. ಅಗ್ಗದ್ದು ಅಲ್ಲೂ ಬಾಳುವುದಿಲ್ಲ, ಇಲ್ಲೂ ಬಾಳುವುದಿಲ್ಲ.

ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ವರ್ಷಕ್ಕೆ 4,000 ಮಿಲಿಮೀಟರ್ ಸುರಿಯುವ ಊರು ನಮ್ಮದು. ಕ್ಯಾಮೆರಾದ ಲೆನ್ಸಿಗೆ ಬಲೆ ಕಟ್ಟಿದ ಹಾಗೆ ಬೂಸು ಬರುವುದನ್ನು ಫೋಟೋ ಸ್ಟುಡಿಯೋದವರಲ್ಲಿ ಕೇಳಿ ನೋಡಿ. ಒಳಗಿನ ಗಾಳಿ ತೆಗೆದು ನೈಟ್ರೋಜನ್ ತುಂಬಿ ಬಿಗಿ ಮುಚ್ಚಿದ ದುರ್ಬೀನಾದರೆ ತಡೆದೀತು. ಅಲ್ಲದಿದ್ದರೆ ಆಟಿ ತಿಂಗಳಲ್ಲಿ ಒಳಗೆ ಮಂಜು, ಸೋಣದಲ್ಲಿ ಬೂಸು. ಮಳೆ ಬಿಟ್ಟು ಪೈರು ತೆನೆ ಕಟ್ಟಿ ಹಂದಿ ಇಳಿಯುವ ಹೊತ್ತಿಗೆ ಗಾಜು ಕುರುಡು.

ಕಡೆಯದಾಗಿ ಚುನಾವಣೆ. ಲೋಕಸಭೆ, ವಿಧಾನಸಭೆ ಯಾವುದು ಘೋಷಣೆಯಾದರೂ ನಮ್ಮ ಜಿಲ್ಲೆಯ ಕೃಷಿಕರಿಗೆ ಮೊದಲ ಬಿಸಿ ಕೋವಿ ಠಾಣೆಗೆ ಕೊಡುವುದರಲ್ಲಿ. ಅದರ ನ್ಯಾಯ ಅನ್ಯಾಯ ಇನ್ನೊಂದು ದಿನಕ್ಕಿರಲಿ. ಠಾಣೆಯ ಕೋಣೆಯಲ್ಲಿ ಹತ್ತಾರು ಕೋವಿ ಒಂದಕ್ಕೊಂದು ಒರಗಿಸಿ ನಿಲ್ಲಿಸುವಾಗ ದುರ್ಬೀನಿಗೆ ಒಂದು ಪೆಟ್ಟು ಬಿದ್ದರೆ ಕೂಡಿಸಿದ ಗುರಿ ಹೋಯಿತು, ಮತ್ತೆ ಹತ್ತು ತೋಟೆ. ಹಾಕಿಸಿದವರು ಕೊಡುವ ಮುಂಚೆ ಅದನ್ನು ಬಿಚ್ಚಿ ಮನೆಯಲ್ಲಿಡಿ, ಕೋವಿಯ ನಂಬರ್ ರಶೀದಿಯಲ್ಲಿ ಸರಿಯಾಗಿ ಬರೆಸಿಕೊಳ್ಳಿ. ದುರ್ಬೀನಿಗಾಗಿ ತೆಗೆದ ಹಳೆಯ ಕಚ್ಚನ್ನೂ ಅದರ ಪುಟ್ಟ ಸ್ಕ್ರೂಗಳನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಲೈಸೆನ್ಸ್ ಬುಕ್ಕಿನ ಜೊತೆಗೇ ಇಡಿ. ನಾಳೆ ಮೊಮ್ಮಗ ಬಂದು "ಅಜ್ಜ, ಇದರ ಮೊದಲಿನದ್ದು ಎಲ್ಲಿ?" ಎಂದು ಕೇಳಿದರೆ ತೆಗೆದು ಕೊಡಲಿಕ್ಕೆ ಬೇಕಲ್ಲ.